ಕೂಗಿದವರಿಗೆಲ್ಲ ದೋಣಿ

ನನ್ನ ಸೋದರಮಾವನ ಕಿವಿ ಬಹಳ ಚುರುಕು. ಎಷ್ಟು ಚುರುಕೆಂದರೆ, ಯಾರೂ ಇಲ್ಲದ ಕಡೆಯಿಂದ ಯಾರೋ ಕರೆಯುವುದೂ ಕೇಳುತ್ತಿತ್ತು!

ಕಡಬದ ಹತ್ತಿರ ಕುಮಾರಧಾರೆಯ ಕಡವಿನಲ್ಲಿ ಮಾವ ದೋಣಿ ದಾಟಿಸುತ್ತಿದ್ದರು. ಐವತ್ತರ ದಶಕದಲ್ಲಿ ಅಲ್ಲಿಯ ಸೇತುವೆ ಚುನಾವಣೆಯ ಭಾಷಣದಲ್ಲಿ ಮಾತ್ರ ಇತ್ತು. ಆಚೆ ದಡದವರು 'ಕೂಊ' ಎಂದು ಕೂಗಬೇಕು, ಮಾವ ಹೋಗಿ ಕರೆತರಬೇಕು. ಆದರೆ ಬೆಳಗಿನ ಮಂಜಿನಲ್ಲಿ ಕೂಗು ಕೇಳಿ ಹೋದರೆ ಎಷ್ಟೋ ಸಲ ಅಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮಾವ ಬೇಸರಿಸದೆ, ಒಬ್ಬರು ಹತ್ತಿ ಕೂರುವಷ್ಟು ಹೊತ್ತು ದೋಣಿ ಹಿಡಿದು ನಿಂತು ವಾಪಸು ಬರುತ್ತಿದ್ದರು.

ಒಮ್ಮೆ ಹಾಗೆ ನಿಂತಿದ್ದಾಗ ಒಣಮೀನು ಮಾರುವ ಬ್ಯಾರಿಯೊಬ್ಬರು ಓಡಿಬಂದು ದೋಣಿ ಹತ್ತಿದರು.

"ಸ್ವಲ್ಪ ಆಚೆ ಕೂತುಕೊಳ್ಳಿ," ಎಂದರು ಮಾವ.

"ಯಾರಿಗೆ ಮಾರಾಯ್ರೆ? ಇಲ್ಲಿ ಯಾರೂ ಇಲ್ಲವಲ್ಲ!"

"ಈಗ ಕೂಗಿದ್ದು ನೀವಾ?"

"ಅಲ್ಲ."

"ಮತ್ತೆ!"

ಪಾಪ, ಬ್ಯಾರಿ ಹೊಳೆ ದಾಟುವವರೆಗೂ ಮೀನಿನ ಬುಟ್ಟಿಯನ್ನು ಮಡಿಲಲ್ಲೇ ಇಟ್ಟುಕೊಂಡರು. ಇಳಿಯುವಾಗ ಖಾಲಿ ಹಲಗೆಗೆ "ನೀವು ಮೊದಲು" ಎಂದು ದಾರಿ ಬಿಟ್ಟರು!

ನಾನೋ ಶಾಲೆಯ ಮಾಸ್ತರ. ಕೂಗುವುದು ದೆವ್ವ ಎಂದು ಒಪ್ಪಿದರೆ ವಿಜ್ಞಾನದ ಪಾಠ ಮಾಡುವುದು ಯಾವ ಬಾಯಿಂದ? ಕಾದು ಕೂತು ಪತ್ತೆ ಮಾಡಿದೆ. ಆಚೆ ದಡದ ಧೂಪದ ಮರದಲ್ಲಿ, ದೋಣಿ ನಿಲ್ಲುವ ಜಾಗದ ನೆತ್ತಿಗೇ, ಮೀನುಗಿಡುಗದ ಗೂಡು! ಅದು ಕತ್ತೆತ್ತಿ ಕೂಗಿದರೆ ಥೇಟ್ ಹೆಂಗಸಿನ 'ಕೂಊ'.

"ಬರೀ ಹಕ್ಕಿ, ಮಾವ!"

"ಗೊತ್ತುಂಟು ಮಾರಾಯ. ವರ್ಷವೂ ಇದೇ ಗೂಡಿಗೆ ಬರುದು."

"ಅಷ್ಟು ದೊಡ್ಡ ಕಾಡು ಬಿಟ್ಟು ಈ ಗದ್ದಲದ ಕಡವಿಗೇ ಯಾಕೆ?"

"ಜನ ಇದ್ದಲ್ಲಿ ಮಂಗ ಬರುದಿಲ್ಲ, ಮರಿ ಉಳೀತದೆ," ಎಂದವರೇ ಕೂಗು ಬಂದ ಕಡೆಗೆ ದೋಣಿ ನೂಕಿದರು.

ಹಕ್ಕಿಯೆಂದು ಗೊತ್ತಿದ್ದೂ ಹೋಗುವುದೆಂದರೆ!

ಊರವರು ಪ್ರೇತದ ಹಕ್ಕಿಯೆಂದು ಹೆದರಿ, ಮರ ಕಡಿಯಲು ಕೊಡಲಿ ಹಿಡಿದು ಹೊರಟರು. ಆದರೆ ಮರ ಆಚೆ ದಡದಲ್ಲಿ, ಹೋಗಲು ಮಾವನ ದೋಣಿಯೇ ಬೇಕು! ಮಾವ ಎಲ್ಲರನ್ನೂ ದಾಟಿಸಿದರು. ದಾಟಿಸಿ, ಮರಕ್ಕೆ ಬೆನ್ನು ಕೊಟ್ಟು ನಿಂತರು.

"ನನ್ನವಳು ತವರಿನಿಂದ ವಾಪಸು ಬಂದ ದಿನವೂ ಕೂಗು ಕೇಳಿತ್ತು. ಹಕ್ಕಿ ಅಂತ ನಾನು ಗಂಜಿ ಉಣ್ಣಲಿಕ್ಕೆ ಕೂತೆ. ಮೂರು ಸಲ ಕೂಗಿದಳು. ಮತ್ತೆ ನಡೆದೇ ದಾಟಲಿಕ್ಕೆ ನೀರಿಗಿಳಿದಳು. ಇನ್ನು ಹಕ್ಕಿಯಾ, ಮನುಷ್ಯರಾ ಅಂತ ನಾನು ನೋಡುದಿಲ್ಲ. ಕೂಗಿದರೆ ಹೋಗುದು."

ಅತ್ತೆ ಹೊಳೆಯ ಪಾಲಾದದ್ದು ನಮಗೆಲ್ಲ ಗೊತ್ತಿತ್ತು. ಕೂಗಿದ್ದು ಗೊತ್ತಿರಲಿಲ್ಲ. ಕೊಡಲಿ ತಂದವರು ಮತ್ತೆ ದೋಣಿ ಹತ್ತಿದರು.

ಮಳೆಗಾಲಕ್ಕೆ ಮೊದಲೇ ಮರಿ ಬಲಿತು ಗಿಡುಗಗಳು ಹಾರಿಹೋದವು. ಗೂಡು ಖಾಲಿಯಾಯಿತು. ಆಮೇಲೊಂದು ಬೆಳಿಗ್ಗೆ ನಾನು ಮಾವನ ಜೊತೆ ಕಡವಿನಲ್ಲಿದ್ದಾಗ ಕೂಗು ಕೇಳಿತು. ಮೂರು ಸಲ.

ನನಗೂ ಕೇಳಿತು!

ಇಬ್ಬರೂ ಹೋದೆವು. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಮಾವ ಎಂದಿನಂತೆ ದೋಣಿ ಹಿಡಿದು ನಿಂತರು. ಅವರು ಹೇಳುವ ಮೊದಲೇ ನಾನು ಹಲಗೆಯ ಮೇಲೆ ಪಕ್ಕಕ್ಕೆ ಸರಿದೆ.

"ಬನ್ನಿ ಅತ್ತೆ," ಎಂದೆ.

ಮಾವ ಅಳುತ್ತಲೇ ದೋಣಿ ನೂಕಿದರು.