ದೊಡ್ಡಮ್ಮನ ಅಂಗೈ, ನನ್ನ ಕಾರಿನ ನಡುಕ

ನಮ್ಮ ದೊಡ್ಡಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಆದರೂ ದೊಡ್ಡಬಳ್ಳಾಪುರದಿಂದ ಹೊಸಕೋಟೆಯವರೆಗೆ ಅವಳಂಥ ಮೆಕ್ಯಾನಿಕ್ಕು ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ! ಸ್ಪ್ಯಾನರಿಲ್ಲ, ಜಾಕಿಲ್ಲ. ಇರುವುದು ಒಂದು ಬಲ ಅಂಗೈ.

ದೊಡ್ಡಪ್ಪ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಅಂದಿನಿಂದ ದೊಡ್ಡಮ್ಮ ನಮ್ಮ ಮನೆಯಲ್ಲೇ ಇದ್ದಾಳೆ. ವಿಜಯಪುರದ ಒಂದು ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದಳು. ನೂರಾರು ಕದಿರುಗಳು ಒಟ್ಟಿಗೆ ಗಿರ್ರನೆ ತಿರುಗುವಾಗ ಯಾವುದು ಅಲುಗುತ್ತಿದೆಯೆಂದು ಕಣ್ಣಿಗೆ ಕಾಣುವುದಿಲ್ಲವಂತೆ. ಚೌಕಟ್ಟಿನ ಮೇಲೆ ಅಂಗೈ ಇಟ್ಟರೆ ಮಾತ್ರ ತಿಳಿಯುತ್ತದಂತೆ. ವಯಸ್ಸಾಯಿತೆಂದು ಅವಳು ಕೆಲಸ ಬಿಟ್ಟಳು. ಅಂಗೈ ಬಿಡಬೇಕಲ್ಲ?

ಮಿಕ್ಸಿ, ಫ್ಯಾನಿನ ರೆಗ್ಯುಲೇಟರು, ಪಕ್ಕದ ಮನೆಯ ವಾಷಿಂಗ್ ಮಷೀನು, ಯಾವುದನ್ನೂ ಮುಟ್ಟದೆ ಬಿಟ್ಟವಳಲ್ಲ. ಒಮ್ಮೆ ರಾಗಿ ಬೀಸಿಸಲು ಮಿಲ್ಲಿಗೆ ಹೋದವಳು ಅಲ್ಲಿನ ಯಂತ್ರದ ಬುಡ ಮುಟ್ಟಿ ನೋಡಿದಳು.

"ಏನಪ್ಪಾ, ನಿನ್ ಮಿಷನ್ನಿಗೆ ಬೇರಿಂಗ್ ಹೋಗೈತೆ."

"ಹಿಟ್ಟು ನುಣ್ಣುಗ್ ಬೇಕೋ, ತರಿಯಾಗ್ ಬೇಕೋ? ಅಷ್ಟ್ ಹೇಳಿ ಅಜ್ಜಿ," ಎಂದ ಮಿಲ್ಲಿನವನು.

ಮೂರನೇ ದಿನಕ್ಕೆ ಮಿಲ್ಲು ನಿಂತಿತು! ಈಗ ಎಷ್ಟೇ ಸಾಲಿದ್ದರೂ ಅವನು ನಮ್ಮ ರಾಗಿಯನ್ನೇ ಮೊದಲು ಬೀಸುತ್ತಾನೆ.

ಇಂಥವಳಿರುವ ಮನೆಯಲ್ಲಿ ನನ್ನ ಕಾರಿಗೆ ನಡುಕ ಬಂದರೆ? ನನಗೆ ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಹೊಸ ಹೆದ್ದಾರಿಯಲ್ಲಿ ಎಂಬತ್ತು ದಾಟಿದ ಕೂಡಲೇ ಸ್ಟಿಯರಿಂಗು ಗಡಗಡ ಎನ್ನತೊಡಗಿತು. ಒಂದು ಬೆಳಗ್ಗೆ ದೊಡ್ಡಮ್ಮ ಹೇಳದೆ ಕೇಳದೆ ಮುಂದಿನ ಸೀಟಿನಲ್ಲಿ ಬಂದು ಕುಳಿತಳು.

ಆ ಬೆಳಗು ನನಗೆ ಈಗಲೂ ಕನಸಿನಂತೆಯೇ ನೆನಪಾಗುತ್ತದೆ. ದ್ರಾಕ್ಷಿ ತೋಟಗಳ ಮೇಲೆ ಮಂಜು. ರಸ್ತೆಯೂ ಆಕಾಶವೂ ಒಂದೇ ಬಣ್ಣ. ದೊಡ್ಡಮ್ಮ ಕಣ್ಣು ಮುಚ್ಚಿ, ಸ್ಟಿಯರಿಂಗ್ ಹಿಡಿದ ನನ್ನ ಕೈಯ ಮೇಲೆ ತನ್ನ ಅಂಗೈ ಇಟ್ಟಿದ್ದಳು. ಕಾರು ನೆಲದ ಮೇಲಿದೆಯೋ ತೇಲುತ್ತಿದೆಯೋ ತಿಳಿಯದಂತಿತ್ತು. ಎಂಬತ್ತು ಮುಟ್ಟಿತು, ನಡುಕ ಶುರುವಾಯಿತು.

"ಸೀಟು ಅಲುಗ್ತೈತಾ?"

"ಇಲ್ಲ ದೊಡ್ಡಮ್ಮ, ಸ್ಟಿಯರಿಂಗ್ ಮಾತ್ರ."

"ಹಂಗಾದ್ರೆ ಹಿಂದ್ಲು ಚಕ್ರ ಅಲ್ಲ. ಬ್ರೇಕ್ ಒತ್ತಿದ್ರೆ ಜಾಸ್ತಿ ಆಗ್ತೈತಾ?"

"ಇಲ್ಲ."

"ಬ್ರೇಕೂ ಅಲ್ಲ. ಮುಂದ್ಲು ಚಕ್ರ. ಎಡಗಡೇದು."

ದೇವನಹಳ್ಳಿಯ ಮೆಕ್ಯಾನಿಕ್ಕು ಚಕ್ರ ಬಿಚ್ಚಿ ಯಂತ್ರಕ್ಕೇರಿಸಿ ನೋಡಿದ. ಎಡಗಡೆಯದೇ! ರಿಮ್ಮಿನ ಅಂಚಿಗೆ ಕಚ್ಚಿಸುವ ಸೀಸದ ತುಂಡು ಎಲ್ಲೋ ಬಿದ್ದುಹೋಗಿತ್ತು.

"ಇಷ್ಟು ಸೀಸ ಇಲ್ದಿದ್ರೆ ಚಕ್ರದ ತೂಕ ಒಂದ್ಕಡೆಗೆ ಎಳೆಯುತ್ತೆ ಅಮ್ಮ. ಅರವತ್ತರಲ್ಲಿ ಗೊತ್ತೇ ಆಗಲ್ಲ. ಎಂಬತ್ತು ದಾಟಿದ್ರೆ ನಡುಕ."

"ಅರವತ್ತರಲ್ಲಿ ಏನೂ ಆಗಲ್ವಾ?" ದೊಡ್ಡಮ್ಮ ಎರಡೆರಡು ಸಲ ಕೇಳಿದಳು. ಎಂಥ ಜ್ಞಾನದಾಹ ಎಂದು ನಾನು ಹೆಮ್ಮೆಪಟ್ಟೆ.

ಹದಿನೈದು ದಿನಕ್ಕೆ ನಡುಕ ಮರಳಿ ಬಂತು. ದೊಡ್ಡಮ್ಮನನ್ನು ಕೂರಿಸಿಕೊಂಡು ಹೋದೆ. ಅಂಗೈ ಇಟ್ಟಳು, ತೆಗೆದಳು, ಸೆರಗಿಗೆ ಒರೆಸಿಕೊಂಡಳು.

"ನನ್ ಕೈಗೇನೂ ಗೊತ್ತಾಗ್ತಿಲ್ಲ ಕಣೋ. ವಯಸ್ಸಾಯ್ತು. ನೀನು ಅರವತ್ತರಲ್ಲೇ ಹೋಗು."

ಬೇರಿಂಗಿನ ಸಾವನ್ನು ಮೂರು ದಿನ ಮೊದಲೇ ಹೇಳಿದ ಅಂಗೈ ಮಂಕಾಯಿತೇ! ಒಬ್ಬನೇ ಮೆಕ್ಯಾನಿಕ್ಕಿನ ಬಳಿ ಹೋದೆ. ಅದೇ ಚಕ್ರ, ಅದೇ ಸೀಸ ನಾಪತ್ತೆ. ಹೊಸದು ಹಾಕಿಸಿದೆ. ತಿಂಗಳೊಳಗೆ ಅದೂ ಇಲ್ಲ.

"ನಿಮ್ ಕಾರು ಸೀಸ ತಿನ್ನುತ್ತಾ ಗುರು?" ಎಂದು ಅವನು ತಲೆ ಕೆರೆದುಕೊಂಡ.

ಈ ನಡುವೆ ದೊಡ್ಡಮ್ಮ ತನ್ನ ಅಡಕತ್ತರಿಯ ಬಾಯಿ ಮುಕ್ಕಾಗಿದೆ, ಹೊಸದು ತಂದುಕೊಡು ಎಂದು ದುಂಬಾಲು ಬಿದ್ದಿದ್ದಳು. ಅಡಿಕೆ ಕತ್ತರಿಸಿ ಉಕ್ಕು ಮುಕ್ಕಾಗುತ್ತದೆಯೇ? ನನಗೆ ಆಗ ಹೊಳೆಯಲೇ ಇಲ್ಲ. ಭಾನುವಾರ ಮಧ್ಯಾಹ್ನ ಹೊಸದನ್ನು ತಂದೆ. ಅವಳು ಜಗಲಿಯಲ್ಲಿ ತೂಕಡಿಸುತ್ತಿದ್ದಳು. ಎಲೆ ಅಡಿಕೆ ಡಬ್ಬಿಯಲ್ಲಿ ಇಟ್ಟುಬಿಡೋಣವೆಂದು ಮುಚ್ಚಳ ತೆಗೆದೆ. ಸುಣ್ಣದ ಡಬ್ಬಿಯ ಪಕ್ಕದಲ್ಲಿ, ರೇಷ್ಮೆ ನೂಲಿನಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಎರಡು ಸೀಸದ ತುಂಡುಗಳಿದ್ದವು!

"ದೊಡ್ಡಮ್ಮಾ!"

ಅವಳು ಕಣ್ಣು ಬಿಟ್ಟು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಒಂದಿಷ್ಟೂ ಗಾಬರಿಯಾಗಲಿಲ್ಲ.

"ದಿನಾ ಬಾಗಿಲಲ್ಲಿ ನಿಂತ್ಕೊಂಡು ನಿಧಾನ, ನಿಧಾನ ಅಂತ ಬಡ್ಕೊಂಡೆ. ಒಂದಿನಾನಾದ್ರೂ ಕೇಳಿದ್ಯಾ? ಚಕ್ರ ಹೇಳಿದ್ರೆ ಕೇಳ್ತೀಯ. ಅದ್ಕೇ ಅದ್ರ ಕೈಲಿ ಹೇಳಿಸ್ದೆ."

ಕೋಪ ಬರಬೇಕಿತ್ತು. ನಗು ಬಂತು. ಪಕ್ಕದಲ್ಲಿ ಕುಳಿತು, ಚಿಕ್ಕ ಮಗುವಿಗೆ ಹೇಳುವಂತೆ ತಿಳಿಹೇಳಿದೆ.

"ನಡುಗೋ ಗಾಡೀನೇ ಅಪಾಯ ದೊಡ್ಡಮ್ಮ. ನಡುಗದೆ ಹೋದ್ರೆ ಭಯ ಇಲ್ಲ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಆ ಅಂಗೈಯನ್ನು ನನ್ನ ಕೈಯ ಮೇಲಿಟ್ಟಳು.

"ನಿಮ್ ದೊಡ್ಡಪ್ಪನ ಗಾಡಿ ಒಂದ್ಚೂರೂ ನಡುಗ್ತಿರ್ಲಿಲ್ಲ ಕಣೋ."