ಕಾಲೇಜು ಟೈಮಲ್ಲಿ ಕಾಫಿ ಹೋಟ್ಲು

ನಾನು ಎಲ್ಲಿ ಕಾಫಿಗೆ ಕೂತ್ರೂ ಮಾನ ಹೋಗೋ ಕೆಲ್ಸ ಒಂದು ಆಗೇ ಆಗ್ತದೆ. ತಪ್ಪು ಕಾಫೀದಲ್ಲ, ಕೂರೋ ಟೈಮಿಂದು. ಬಿ.ಎಸ್ಸಿ. ಎರಡನೇ ವರ್ಷಕ್ಕೇ ಬಿಟ್ಟೆ, ಮನೇಲಿ ಹೇಳ್ಲಿಲ್ಲ. ಬೆಳಿಗ್ಗೆ ಬ್ಯಾಗು ತಗ್ಲಾಕ್ಕೊಂಡು ಅವ್ವ ಕಟ್ಟಿದ ಬುತ್ತಿ ಹಿಡ್ಕೊಂಡು ನಮ್ಮೂರು ಬಿಳಿಗೆರೇಲಿ ಬಸ್ ಹತ್ತೋದು, ನಾಲ್ಕು ಗಂಟೆ ತನಕ ಕಾಫಿ ಹೋಟ್ಲಲ್ಲಿ ಕೂತು ವಾಪಸ್ ಬರೋದು. ಅಪ್ಪನಿಗೆ ಗೊತ್ತಾದ್ರೆ ಚರ್ಮ ಸುಲೀತಾನೆ. ಅವ್ವನೋ, 'ನನ್ ಮಗ ಡಿಗ್ರಿ' ಅಂತ ಕಂಡೋರ್ಗೆಲ್ಲ ಹೇಳ್ಕೊಂಡು ಓಡಾಡ್ತಾಳೆ. ಅವಳ ಮುಖ ನೋಡಿ ನಿಜ ಹೇಳೋ ಧೈರ್ಯ ನನ್ಗಿರ್ಲಿಲ್ಲ.

ಫ್ಯಾನ್ ಕೆಳಗಿನ ಸೀಟು

ನಂಜನಗೂಡು ಬಸ್ ಸ್ಟ್ಯಾಂಡ್ ಹತ್ರ ಒಂದು ಹಳೇ ಹೋಟ್ಲು. ಡಿಕಾಕ್ಷನ್ ವಾಸ್ನೆ ರಸ್ತೆ ತನಕ ಬಂದು ಕಾಲರ್ ಹಿಡ್ದು ಒಳಗೆ ಎಳ್ಕೊಳ್ತದೆ. ಸುಮ್ನೆ ಕೂತ್ರೆ ಎಬ್ಬಿಸ್ತಾರೆ ಅಂತ ನಾನು ಒಂದು ದಪ್ಪ ಪುಸ್ತಕ ಮುಂದೆ ಇಟ್ಕೊಂಡಿರ್ತಿದ್ದೆ. ಗಲ್ಲಾದಲ್ಲಿದ್ದ ಯಜಮಾನ್ರು ಅದನ್ನ ನಂಬ್ಬಿಟ್ರು. ನನ್ನನ್ನ ಫ್ಯಾನ್ ಕೆಳಗೆ ಕೂರಿಸಿ, ಯಾರು ಜೋರಾಗಿ ಮಾತಾಡಿದ್ರೂ "ಮೆತ್ತಗೆ ಕಣ್ರೀ, ಹುಡ್ಗ ಓದ್ತಾವ್ನೆ" ಅನ್ನೋರು. ಪಾಪ, ಎತ್ತಿನ ವ್ಯಾಪಾರದೋರು ಇಬ್ರು ಜಗಳಾನೂ ಪಿಸುಪಿಸು ಅಂತಾನೇ ಆಡಿ ಎದ್ದೋದ್ರು.

ಒಂದಿನ ಯಜಮಾನ್ರು ಮಗಳ ಎಸ್ಸೆಸ್ಸೆಲ್ಸಿ ಲೆಕ್ಕದ ಪುಸ್ತಕ ತಂದು ಟೇಬಲ್ ಮೇಲಿಟ್ರು.

"ಇದೊಂದು ಹೇಳ್ಕೊಡಪ್ಪ. ನಿನ್ಗೇನು, ನೀರು ಕುಡ್ದಂಗೆ."

ಕಾಲು ಗಂಟೆ ನೋಡಿದೆ. ಕಾಫಿ ಆರ್ತು, ಲೆಕ್ಕ ಬರ್ಲಿಲ್ಲ. "ಪ್ರಶ್ನೇನೇ ತಪ್ಪು ಸಾ, ಪ್ರಿಂಟಿಂಗ್ ಮಿಸ್ಟೇಕು" ಅಂದೆ.

ಅಡುಗೆಮನೆ ಕಿಟಕೀಲಿ ದೋಸೆ ಭಟ್ರು ತಲೆ ಹೊರಗಾಕಿದ್ರು. "ಎಲ್ಲಿ, ಓದಿ ನೋಡಾನ." ಓದ್ದೆ. ಅವ್ರು ಒಂದು ದೋಸೆ ಮಗುಚಿ, "ಹನ್ನೆರಡು" ಅಂದ್ರು. ಯಜಮಾನ್ರು ಪುಸ್ತಕದ ಹಿಂದೆ ನೋಡಿದ್ರು. ಹನ್ನೆರಡೇ!

"ಅಣ್ಣ, ನೀವೇನ್ ಓದಿದ್ದೀರ?" ಅಂದೆ.

"ಬಿ.ಎಸ್ಸಿ. ಕಣಪ್ಪ. ಪೂರ್ತಿ ಮುಗ್ಸಿ ಹೋಟ್ಲಿಗೆ ಬಂದೆ. ನಿನ್ನಂಗೆ ಅರ್ಧಕ್ಕೇ ಬರ್ಬೋದು ಅಂತ ನನ್ಗೆ ಗೊತ್ತಿರ್ಲಿಲ್ಲ."

ಬೈಟು

ಮತ್ತೆ ಅಲ್ಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಮಾರನೇ ದಿನದಿಂದ ಟಿ. ನರಸೀಪುರದ ಬಸ್ಸು. ಅಲ್ಲಿ ನನ್ನ ಗುರ್ತು ಹಿಡಿಯೋರಿಲ್ಲ ಅನ್ನೋ ಧೈರ್ಯ. ಆದ್ರೆ ಒಬ್ನೇ ಇದ್ರೆ ಬೈಟು ಹೇಳಕಾಗಲ್ವಲ್ಲ, ಒಂದು ಕಾಫಿ ಎರಡು ಲೋಟ ಅಂದ್ರೆ ಇಬ್ರಿರ್ಬೇಕು. ಎದುರಿಗೆ ಒಬ್ರು ಮುಖದ ತುಂಬ ಪೇಪರ್ ಹಿಡ್ಕೊಂಡು ಕೂತಿದ್ರು.

"ಅಣ್ಣ, ಬೈಟು ಹೇಳ್ಲಾ?"

"ಹೇಳಿ, ಹೇಳಿ" ಅಂತು ಪೇಪರ್ರು.

ಕಾಫಿ ಬಂತು, ಪೇಪರ್ ಕೆಳಗಿಳೀತು. ನಮ್ಮ ಕೆಮಿಸ್ಟ್ರಿ ಮೇಷ್ಟ್ರು!

"ರಿಜಿಸ್ಟರಿಂದ ನಿನ್ನ ಹೆಸ್ರು ಹೊಡ್ದಾಕಿ ಎಷ್ಟು ಕಾಲ ಆಯ್ತು, ಇನ್ನೂ ಬ್ಯಾಗ್ ಹಾಕ್ಕೊಂಡು ತಿರುಗ್ತಿದೀಯಲ್ಲೋ, ನಾಚ್ಕೆ ಆಗಲ್ವಾ?"

"ನಿಮ್ಮ ಹೆಸ್ರು ಇನ್ನೂ ಐತಲ್ಲ ಸಾ. ಈಗ ನಿಮ್ದೇ ಕ್ಲಾಸಿನ ಟೈಮು."

ಇಬ್ರೂ ತಲೆ ಬಗ್ಗಿಸ್ಕೊಂಡು ಕುಡಿದ್ವಿ. ಎದ್ದು ಹೋಗ್ತಾ ಮೇಷ್ಟ್ರು ಹೆಗಲು ತಟ್ಟಿದ್ರು. "ನಾಳೆ ಇದೇ ಟೈಮಿಗೆ ಬಾ. ಇಲ್ಲಾದ್ರೂ ಅಟೆಂಡೆನ್ಸ್ ನೆಟ್ಟಗಿಟ್ಕೊ."

ಎದುರು ಕುರ್ಚಿ

ನಮ್ಮ ಕಡೆ ಹೋಟ್ಲಲ್ಲಿ ಎದುರು ಕುರ್ಚಿ ಖಾಲಿ ಇದ್ರೆ ಯಾರ್ಬೇಕಾದ್ರೂ ಬಂದು ಕೂರ್ತಾರೆ, ಕೇಳೋದೇನಿಲ್ಲ. ಅದೇ ನರಸೀಪುರದ ಹೋಟ್ಲಲ್ಲಿ ಒಂದಿನ ನಾನು ಕಾಫಿ ಊದ್ತಾ ಇದ್ದಾಗ ಯಾರೋ ಬಂದು ಕೂತ್ರು. ತಲೆ ಎತ್ತಿದ್ರೆ ಅಪ್ಪ! ಪಂಪ್‌ಸೆಟ್ ಮೋಟ್ರು ರಿಪೇರಿಗೆ ಕೊಡೋಕೆ ಬಂದಿದ್ದ. ನನ್ಗೆ ಕಾಫಿ ನೆತ್ತಿಗೇರ್ತು. ಅಪ್ಪನೇ ತಲೆ ತಟ್ಟಿ ನೀರಿನ ಲೋಟ ಮುಂದಕ್ಕೆ ತಳ್ಳಿದ.

"ಇವತ್ತು ಕಾಲೇಜಿಗೆ ರಜ ಅಪ್ಪ."

"ಎಷ್ಟ್ ತಿಂಗ್ಳಿಂದ್ಲಾ?"

ಕಣ್ಣಲ್ಲಿ ನೀರೇ ಬಂತು. "ಬಿಟ್ಬಿಟ್ಟಿದೀನಿ ಅಪ್ಪ."

"ಗೊತ್ತು ಕಣ್ಲಾ. ಬುಟ್ಟ ವಾರಕ್ಕೇ ಕಾಲೇಜಿಂದ ಫೋನ್ ಬಂದಿತ್ತು."

"ಅವ್ವನ್ಗೆ?"

"ಫೋನ್ ಎತ್ತಿದ್ದೇ ಅವ್ಳು."

ನೆಲ ಬಾಯ್ಬಿಟ್ಟು ನನ್ನ ನುಂಗ್ಬಾರ್ದಾ ಅನ್ನಿಸ್ತು. "ಮತ್ಯಾಕೆ ದಿನಾ ಬುತ್ತಿ ಕಟ್ಟೋದು? ಸಂಜೆ ಕೂರಿಸ್ಕೊಂಡು, ಇವತ್ತು ಕಾಲೇಜಲ್ಲಿ ಏನಾಯ್ತಪ್ಪ ಅಂತ ಯಾಕೆ ಕೇಳೋದು?"

"ನಾನು ಅವತ್ತೇ ನಾಕು ಬಾರ್ಸಾನ ಅಂದೆ. ಅವ್ನಾಗೇ ನಿಜ ಏಳೋಗಂಟ ಸುಮ್ಕಿರಿ ಅಂದ್ಲು. ಈಗ ನೋಡುದ್ರೆ, ನೀ ಬರೋ ಟೈಮಿಗೆ ಸೀರಿಯಲ್ ಆಫ್ ಮಾಡಿ ಕಾಯ್ಕೊಂಡ್ ಕುಂತಿರ್ತಾಳೆ."

ಅಪ್ಪ ನನ್ನ ಕಾಫೀನೇ ಎತ್ಕೊಂಡು ಕುಡ್ದು ಲೋಟ ಕೆಳಗಿಟ್ಟ.

"ಇವತ್ತು ಮನೇಗ್ ಬಂದು ನಿಜ ಏಳ್ಬುಡ್ಲಾ."

"ಹೂಂ ಅಪ್ಪ."

"ಅದ್ಕೂ ಮುಂಚೆ, ಮೊನ್ನೆ ಲ್ಯಾಬಿಗೆ ಬೆಂಕಿ ಬಿತ್ತು ಅಂದ್ಯಲ್ಲ, ಒಳಗೆ ಸಿಕ್ಕಾಕ್ಕೊಂಡಿದ್ದ ಪ್ರಿನ್ಸಿಪಾಲ್ರು ಈಚೆಗ್ ಬಂದ್ರಾ ಇಲ್ವಾ, ಅದ್ನ ಮುಗ್ಸು. ಮೂರ್ ದಿನದಿಂದ ಅವ್ಳಿಗೆ ನಿದ್ದೆ ಇಲ್ಲ."