ನಮ್ಮ ಮೆಟಲ್ ಹಾಡೂ ನರಸೀಪುರದ ಅಕ್ಕಿ ಮಿಲ್ಲೂ

ಯೇಸುವಿನ ಹಾಡನ್ನು ಸ್ವಲ್ಪ ಜೋರಾಗಿ ಹಾಡುತ್ತೇವೆ ಅಂತ ಹೊರಟ ನಮ್ಮ ಮೂವರಿಗೆ ನಂಜನಗೂಡು, ನರಸೀಪುರದ ನಡುವೆ ಆಗಬೇಕಾದ ಮರ್ಯಾದೆಯೆಲ್ಲ ಆಗಿದೆ. ಈಗಲೂ ಆಗುತ್ತಲೇ ಇದೆ. ನನಗೆ ನಗು ಬರುವುದಿಲ್ಲ. ಕೇಳಿದವರು ನಗುತ್ತಾರೆ, ಹಾಳಾಗಿ ಹೋಗಲಿ ಅಂತ ಹೇಳುತ್ತಿದ್ದೇನೆ.

ದೆವ್ವ ಬಿಟ್ಟದ್ದು

ತೊಂಬತ್ತರ ದಶಕದ ಕೊನೆ. ನಾನು ಗಿಟಾರು, ಗೆಳೆಯರಲ್ಲಿ ಒಬ್ಬ ಡ್ರಮ್ಮು, ಇನ್ನೊಬ್ಬ ಹಾಡುವವನು. ಹಾಡುವವನು ಅಂದರೆ ಹೊಟ್ಟೆಯ ಬುಡದಿಂದ ಗರ್ಜಿಸುವವನು. ಮೆಟಲ್ ಅಂದರೇ ಹಾಗೆ, ಗಿಟಾರು ಕರಕರ ಅನ್ನಬೇಕು, ಗಂಟಲು ಹರಿದುಹೋಗಬೇಕು. ಒಂದು ಭಾನುವಾರ ನಂಜನಗೂಡಿನ ನಮ್ಮ ಸಭೆಯಲ್ಲಿ, ಆರಾಧನೆ ಮುಗಿದ ಮೇಲೆ, ಒಂದೇ ಒಂದು ಹಾಡಿಗೆ ಅವಕಾಶ ಕೊಟ್ಟರು. ದೆವ್ವ ಹಿಡಿದವನನ್ನು ಯೇಸುಸ್ವಾಮಿ ವಾಸಿಮಾಡಿದ ಹಾಡು.

ನಮ್ಮ ಹಾಡುವವನು ಮೊದಲ ಸಾಲು ಗರ್ಜಿಸಿದ್ದೇ ತಡ, ಮುಂದೆ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು ಅವನ ತಲೆಯ ಮೇಲೆ ಎರಡೂ ಕೈ ಇಟ್ಟು ಪ್ರಾರ್ಥನೆ ಶುರುಮಾಡಿದರು. ಅವರ ಹಿಂದೆ ಇನ್ನಷ್ಟು ಕೈಗಳು ಬಂದವು. ಹಿರಿಯರ ಕೈ ತಲೆಯ ಮೇಲಿರುವಾಗ ಗರ್ಜಿಸುವುದಾದರೂ ಹೇಗೆ? ಬಾಯಿ ಮುಚ್ಚಿಕೊಂಡ. ಅವನು ಸುಮ್ಮನಾದದ್ದು ನೋಡಿ ಸಭೆಯೆಲ್ಲ ಆಮೆನ್ ಅಂದಿತು. ಮುಂದಿನ ಭಾನುವಾರ ಅಜ್ಜಿ ಸಭೆಯ ಮುಂದೆ ನಿಂತು, ಹುಡುಗನನ್ನು ಹಿಡಿದಿದ್ದ ದೆವ್ವ ಬಿಟ್ಟುಹೋಯಿತು ಅಂತ ಅದನ್ನೇ ಸಾಕ್ಷಿ ಹೇಳಿದರು.

ಅಪ್ಪನ ಷರತ್ತು

ಅಪ್ಪ ಅದೇ ಸಭೆಯ ಹಿರಿಯರು. ಅವರು ತಲೆ ಎತ್ತಿಕೊಂಡು ಓಡಾಡುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಸಂಘಟಕರೊಬ್ಬರು ಹೊಸ ಕ್ರಿಶ್ಚಿಯನ್ ಮೆಟಲ್ ಬ್ಯಾಂಡುಗಳ ಹಾಡು ಸೇರಿಸಿ ಒಂದು ಕ್ಯಾಸೆಟ್ಟು ತರುತ್ತಿದ್ದಾರೆ, ಬ್ಯಾಂಡಿಗೊಂದು ಹಾಡು ಅಂತ ತಿಳಿಯಿತು. ನಾನು ಅಪ್ಪನ ಮುಂದೆ ಹೋಗಿ ನಿಂತೆ.

"ಆ ಕ್ಯಾಸೆಟ್‌ನಲ್ಲಿ ನಿನ್ ಹಾಡು ಬಂದ್ರೆ ಏನಾದ್ರೂ ಬಾರಿಸ್ಕೊ, ನಾನು ಬಾಯಿ ಬಿಡಕಿಲ್ಲ" ಅಂದರು. "ಬರ್ನಿಲ್ಲ ಅಂದ್ರೆ ಗಿಟಾರು ಸಂಡೇ ಸ್ಕೂಲಿಗೆ. ನೀನು ನಿಮ್ಮಾವನ ಅಂಗಡೀಲಿ ಸುಟ್ಟೋದ ಮೋಟಾರ್‌ಗೆ ಕಾಯಿಲ್ ಕಟ್ಟು."

ಆ ಗಿಟಾರು ಬಿಟ್ಟರೆ ಆಗ ನನಗೆ ಈ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ. ಒಪ್ಪಿಕೊಂಡೆ.

ಸೋಮವಾರದ ರಜೆ

ರೆಕಾರ್ಡಿಂಗಿಗೆ ನಂಜನಗೂಡಿನಲ್ಲಿ ಯಾರೂ ಜಾಗ ಕೊಡಲಿಲ್ಲ. ಡ್ರಮ್ಮಿನವನ ಪರಿಚಯದ ಮೇಲೆ ನರಸೀಪುರದ ಅಕ್ಕಿ ಮಿಲ್ಲಿನ ಯಜಮಾನರು ಒಪ್ಪಿದರು. ಹಣೆತುಂಬ ವಿಭೂತಿ, ದೊಡ್ಡ ಮನಸ್ಸು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಯಜಮಾನರು ಮೋಟಾರಿಗೂ ಅವತ್ತು ರಜೆ ಕೊಡುತ್ತಿದ್ದರು. ಎತ್ತಾದರೇನು ಮೋಟಾರಾದರೇನು, ದುಡಿಯುವ ಜೀವವೇ ಅಲ್ಲವೇ ಅಂತ ಅವರ ವಾದ. ಹೀಗೆ ಶಿವನ ವಾರದಲ್ಲಿ ಯೇಸುವಿನ ಹಾಡಿಗೆ ಜಾಗ ಸಿಕ್ಕಿತು.

ರೆಕಾರ್ಡಿಂಗಿನ ಹಿಂದಿನ ಸೋಮವಾರ ಅಲ್ಲೇ ಒಂದು ಸಲ ಅಭ್ಯಾಸ ಮಾಡಿದೆವು. ಯಜಮಾನರು ಭತ್ತದ ಚೀಲದ ಮೇಲೆ ಕೂತು ಕೊನೆಯತನಕ ಕೇಳಿದರು. ಆಮೇಲೆ ಕನಿಕರದಿಂದ, "ಅಲ್ಲ ಕಣ್ರಪ್ಪಾ, ನಿಮ್ಮ ದ್ಯಾವ್ರಿಗೆ ಕಿವಿ ಮಂದಾನಾ?" ಅಂದರು.

ಮೈಕ್‌ಸೆಟ್‌ನವರ ಉಪಕಾರ

ರೆಕಾರ್ಡ್ ಮಾಡಿಕೊಡಲು ಬಂದವರು ಮದುವೆ, ತಿಥಿ, ಎಲೆಕ್ಷನ್ ಯಾವುದಕ್ಕೂ ಸೈ ಅನ್ನುವ ಮೈಕ್‌ಸೆಟ್‌ನವರು. ಭಾನುವಾರವೇ ಬಂದು ಮೈಕು ಜೋಡಿಸಿದರು. ಆಗ ಮಿಲ್ಲು ಓಡುತ್ತಿತ್ತು. ಸುತ್ತಮುತ್ತ ಅತಿ ಗಲಾಟೆ ಮಾಡುವುದು ಯಾವುದೋ ಅದನ್ನು ಮೊದಲು ಟೇಪಿಗೆ ಹಿಡಿದು ನೋಡುವುದು ಅವರ ಪದ್ಧತಿ. ಮಿಲ್ಲನ್ನು ಚೆನ್ನಾಗಿ ಹಿಡಿದರು. ಅದನ್ನು ಅಳಿಸುವ ಪದ್ಧತಿ ಮಾತ್ರ ಅವರಿಗಿರಲಿಲ್ಲ.

ಸೋಮವಾರ ನಾವು ಬಾರಿಸಿದೆವು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಟೇಪು ಕಳಿಸಲು ಮರುದಿನವೇ ಕೊನೆ. ಮೈಕ್‌ಸೆಟ್‌ನವರ ಸೆಟ್ಟೋ ಅವತ್ತೇ ತಲಕಾಡಿನ ಮದುವೆಗೆ ಹೊರಟಿತ್ತು. ವ್ಯಾನಿನ ಬಾಗಿಲು ಹಾಕುತ್ತಾ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ ಗಿಟಾರು ಕರಕರ ಅಂತಿತ್ತು ಸಾ. ಆ ಕಾಲಲ್ಲಿ ತುಳಿಯೋ ಡಬ್ಬ ಕೆಟ್ಟೋಗದೆ. ನೊಂದ್ಕತೀರಿ ಅಂತ ಏಳ್ನಿಲ್ಲ. ಡಬ್ಬಕ್ಕೆ ಮುಂಚೇನೇ ಒಂದು ಜಾಯಿಂಟ್ ಆಕಿ ಟೇಪಿಗೆ ಲೈನ್ ತಗಂಡಿವ್ನಿ. ವೀಣೆ ಇದ್ದಂಗದೆ."

ಆ ಡಬ್ಬ ಇದ್ದದ್ದೇ ಕರಕರ ಅನ್ನಿಸಲು. ಹಾಡುವವನಿಗೆ ಪಾಪ ಗಂಟಲು ಕಟ್ಟಿದೆ ಅಂತ ಅವನ ಮೈಕಿನ ಸೌಂಡನ್ನೂ ಇಳಿಸಿದ್ದರಂತೆ. ಕೈ ಮುಗಿಯುವುದೋ ಕತ್ತು ಹಿಸುಕುವುದೋ ತಿಳಿಯದೆ ನಿಂತೆ. ಕಷಾಯಕ್ಕೆ ಅಂತ ಹಾಡುವವನ ಕೈಗೆ ಒಂದು ಪೊಟ್ಟಣ ಕಾಳುಮೆಣಸು ಬೇರೆ ಕೊಟ್ಟು ಹೋದರು.

ಎಸ್‌ಟಿಡಿ ಬೂತಿನಲ್ಲಿ

ಬೇರೆ ದಾರಿಯಿಲ್ಲದೆ ಆ ಟೇಪನ್ನೇ ಕಳಿಸಿದೆವು. ಕೆಲವು ವಾರ ಬಿಟ್ಟು ಸಂಘಟಕರಿಗೆ ಫೋನ್ ಮಾಡಿದೆ. ಹಾಡು ತುಂಬಾ ಇಂಪಾಗಿದೆ, ಮಕ್ಕಳನ್ನು ಮಲಗಿಸಬಹುದು, ಮೆಟಲ್‌ಗೆ ಆಗುವುದಿಲ್ಲ ಅಂದರು. ನಾನು ಫೋನ್ ಇಡಲು ಹೊರಟೆ.

"ಆದ್ರೆ ಹಾಡಿಗೆ ಮುಂಚೆ ಒಂದು ಬರುತ್ತಲ್ಲ, ಅಷ್ಟು ಹೆವಿಯಾದ್ದು ಯಾವ ಬ್ಯಾಂಡೂ ಕಳಿಸಿಲ್ಲ" ಅಂದರು. "ಕ್ಯಾಸೆಟ್ ಅದರಿಂದಲೇ ಶುರುಮಾಡ್ತಿದೀವಿ. ಯಾರದು ಅದು ಬಾರಿಸಿರೋದು?"

"ನರಸೀಪುರದವರು" ಅಂದು ಫೋನ್ ಇಟ್ಟೆ.

ಕ್ಯಾಸೆಟ್ಟು ಬಂತು. ಅಪ್ಪ ಕೂತು ಎರಡೂ ಕಡೆ ಕೇಳಿದರು. ಅಷ್ಟೂ ಬ್ಯಾಂಡುಗಳ ಗರ್ಜನೆಯಲ್ಲಿ ಅವರಿಗೆ ಗುರುತು ಹತ್ತಿದ್ದು ಒಂದೇ. "ಇದು ನೀವು ಹೋಗಿದ್ದ ಆ ಅಕ್ಕಿ ಮಿಲ್ಲಲ್ವಾ? ನಾನು ಹೇಳಿದ್ದು ಹಾಡು ಬಂದ್ರೆ ಅಂತ. ಮಿಲ್ಲು ಬಂದ್ರೆ ಅಂತ ಹೇಳಿರ್ನಿಲ್ಲ" ಅಂದರು. ಗಿಟಾರು ಸಂಡೇ ಸ್ಕೂಲಿಗೆ ಹೋಯಿತು. ಈಗ ಅದರಲ್ಲಿ ಎರಡು ತಂತಿ ಉಳಿದಿವೆ.

ಕಿವಿ ಇರುವವರು

ಡ್ರಮ್ಮಿನವನು ಒಂದು ಕ್ಯಾಸೆಟ್ಟನ್ನು ಮಿಲ್ಲಿನ ಯಜಮಾನರಿಗೆ ಕೊಟ್ಟಿದ್ದ. ಅವರು ಭತ್ತ ತಂದವರನ್ನೆಲ್ಲ ಕೂರಿಸಿ, ನಮ್ಮ ಮಿಲ್ಲು ಬೆಂಗಳೂರಿನ ಕ್ಯಾಸೆಟ್‌ನಲ್ಲಿ ಬಂದದೆ ಅಂತ ಕೇಳಿಸುತ್ತಿದ್ದರಂತೆ. ಮಿಲ್ಲು ಓಡುತ್ತಿರುವಾಗಲೇ ಕೇಳಿಸುತ್ತಿದ್ದರಂತೆ.

ವರ್ಷಗಳಾದವು. ಮಾವನ ಅಂಗಡಿ ನನ್ನದಾಯಿತು. ಒಂದು ದಿನ ಅದೇ ಮಿಲ್ಲಿನ ಮೋಟಾರು ಸುಟ್ಟು ನನ್ನ ಅಂಗಡಿಗೇ ಬಂತು. ಹಳೆಯ ಸಿಟ್ಟನ್ನೆಲ್ಲ ನುಂಗಿಕೊಂಡು ಕಾಯಿಲ್ ಕಟ್ಟಿದೆ, ಒಯ್ದು ಕೂರಿಸಿ ಸ್ವಿಚ್ ಹಾಕಿದೆ. ಚೆನ್ನಾಗಿಯೇ ಓಡಿತು. ಯಜಮಾನರಿಗೆ ವಯಸ್ಸಾಗಿತ್ತು, ನನ್ನ ಗುರುತು ಹತ್ತಲಿಲ್ಲ. ಕತ್ತು ಓರೆ ಮಾಡಿ ಬಹಳ ಹೊತ್ತು ಕೇಳಿದರು. ಒಳಗೆ ಹೋಗಿ ಆ ಕ್ಯಾಸೆಟ್ಟು ತಂದು ನನ್ನ ಕೈಗಿಟ್ಟರು.

"ಕೆಲಸ ಚೆನ್ನಾಗಿ ಮಾಡಿದ್ದೀಯ ಕಣಪ್ಪ. ಆದ್ರೆ ಇದ್ರಲ್ಲಿರೋ ಸೌಂಡು ಬತ್ತಾ ಇಲ್ಲ. ಬೇಜಾರು ಮಾಡ್ಕಬೇಡ, ಸಂಗೀತ ಗೊತ್ತಿರೋರ್ನ ಯಾರ್ನಾದ್ರೂ ಒಂದ್ಸಲ ಕರ್ಕಂಡ್ ಬಂದು ಕೇಳ್ಸು."